ಬಿಚ್ಚುವ ಮೊದಲು ಪತ್ತೆ ಹಚ್ಚಿ: ಕೋಲಾರ ಜಿಲ್ಲೆಯಲ್ಲಿ ಬೈಕ್ ಮೆಕ್ಯಾನಿಕ್ ಆಗಬಯಸುವವರಿಗೆ ಮಾರ್ಗದರ್ಶಿ

ಟೊಮೆಟೊ ಸುಗ್ಗಿಯ ಒಂದು ಬೆಳಿಗ್ಗೆ, ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಬಂದಿದ್ದ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ನಿಂತುಹೋದ ಬೈಕನ್ನು ತಳ್ಳಿಕೊಂಡು ನಮ್ಮ ಗ್ಯಾರೇಜಿನ ಮುಂದೆ ನಿಂತರು. ಗಾಡಿ ಸ್ಟಾರ್ಟ್ ಆಗುತ್ತದೆ, ಆರೇಳು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಎಳೆದೆಳೆದು ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಅದಕ್ಕೂ ಮೊದಲು ಅವರು ಎರಡು ಕಡೆ ತೋರಿಸಿದ್ದರು. ಒಂದು ಕಡೆ ಪ್ಲಗ್ಗನ್ನೂ ಇಗ್ನಿಷನ್ ಕಾಯಿಲನ್ನೂ ಬದಲಾಯಿಸಿದ್ದರು, ಇನ್ನೊಂದು ಕಡೆ ಕಾರ್ಬ್ಯುರೇಟರನ್ನೇ ಹೊಸದಾಗಿ ಹಾಕಿದ್ದರು. “ಬದಲಾಯ್ಸೋದಕ್ಕೆ ಇನ್ನೇನೂ ಉಳಿದಿಲ್ಲ ಸ್ವಾಮಿ, ಆದ್ರೂ ನಿಂತೋಗ್ತದೆ” ಎಂದು ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. ನಿಂತ ಸ್ಥಿತಿಯಲ್ಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದಾಗ ಟ್ಯಾಂಕು ಸುಂಯ್ ಎಂದು ಗಾಳಿಯನ್ನು ಒಳಗೆ ಎಳೆದುಕೊಂಡಿತು, ಸ್ವಲ್ಪ ಹೊತ್ತಿನಲ್ಲೇ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮುಚ್ಚಳದಲ್ಲಿ ಗಾಳಿಯಾಡಲೆಂದು ಇರುವ ಸೂಜಿಮೊನೆಯಷ್ಟು ಸಣ್ಣ ರಂಧ್ರ ಕೆಂಪು ಧೂಳಿನಿಂದ ಮುಚ್ಚಿಹೋಗಿತ್ತು. ಕೆಳಗೆ ಇಳಿದ ಪೆಟ್ರೋಲಿನ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಪೆಟ್ರೋಲು ಇಳಿಯುವುದೇ ನಿಂತುಬಿಡುತ್ತಿತ್ತು. ಅದನ್ನು ಸರಿಪಡಿಸಲು ಬೇಕಾದದ್ದು ಒಂದು ಗುಂಡುಸೂಜಿ ಮಾತ್ರ.

ಬಿಚ್ಚಿ ಜೋಡಿಸುವ ಕೈಚಳಕವನ್ನು ಒಂದೆರಡು ವರ್ಷಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಬಿಚ್ಚುವ ಮೊದಲೇ ತಿಳಿಯುವ ಅಭ್ಯಾಸವು ಮಾತ್ರ ಹಾಗೆ ತಾನಾಗಿ ಬರುವುದಿಲ್ಲ. ಅದನ್ನು ಮೊದಲ ದಿನದಿಂದಲೇ ಉದ್ದೇಶಪೂರ್ವಕವಾಗಿ ಬೆಳೆಸಿಕೊಳ್ಳಬೇಕು. ಈ ವೃತ್ತಿಗೆ ಬರುವ ಹುಡುಗರು ಮತ್ತು ಹುಡುಗಿಯರು ತರಬೇತಿಯ ದಾರಿಯನ್ನು ಆರಿಸುವಾಗ ಆ ಅಭ್ಯಾಸವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿ ಎಂಬುದು ನನ್ನ ಆಸೆ.

ಮೊದಲ ಹೆಜ್ಜೆ: ಸೇರುವ ಮುನ್ನ ಹದಿನೈದು ದಿನ ನೋಡಿ

ಅರ್ಜಿ ಹಾಕುವುದಕ್ಕಿಂತ ಮೊದಲು ನಿಮ್ಮ ಊರಿನ ಒಂದು ಒಳ್ಳೆಯ ಗ್ಯಾರೇಜಿನಲ್ಲಿ ಅನುಮತಿ ಕೇಳಿ ಹದಿನೈದು ದಿನ ಕುಳಿತು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಬೈಕು ಎನ್ನುವುದು ಮನೆಯವರ ಸವಾರಿಯೂ ಹೌದು, ಸರಕಿನ ಗಾಡಿಯೂ ಹೌದು. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನುಗಳನ್ನು ಡೈರಿಗೆ ಹೊರುವ ಮೊಪೆಡ್ಡು, ಹಿಂದಿನ ಸೀಟಿಗೆ ಟೊಮೆಟೊ ಕ್ರೇಟುಗಳನ್ನು ಕಟ್ಟಿಕೊಂಡ ಬೈಕು, ಹುಲ್ಲಿನ ಹೊರೆ ಹೊತ್ತು ಹೊಲದ ಬದುವಿನಿಂದ ಬರುವ ಹಳೆಯ ಗಾಡಿ, ನರಸಾಪುರ, ವೇಮಗಲ್ ಮತ್ತು ಮಾಲೂರಿನ ಕಾರ್ಖಾನೆಗಳಿಗೆ ಪಾಳಿ ಕೆಲಸಕ್ಕೆ ಹೋಗುವವರ ಬೈಕು, ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ದಿನವಿಡೀ ಬಿಸಿಲಿಗೆ ನಿಲ್ಲುವ ಸ್ಕೂಟರು, ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಸವೆಯುತ್ತವೆ. ಭಾರ ಹೊರುವ ಗಾಡಿಯಲ್ಲಿ ಹಿಂಬದಿಯ ಬ್ರೇಕ್ ಶೂ, ಚೈನ್ ಸೆಟ್, ಹಿಂಚಕ್ರದ ಬೇರಿಂಗು ಮತ್ತು ಶಾಕ್ ಅಬ್ಸಾರ್ಬರು ಬೇಗ ಹೋಗುತ್ತವೆ. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಏರ್ ಫಿಲ್ಟರು ಮೊದಲು ಕಟ್ಟಿಕೊಳ್ಳುತ್ತದೆ. ಗಾಡಿಯನ್ನು ನೋಡಿದ ಕೂಡಲೇ ಅದರ ಒಡೆಯನ ದಿನಚರಿಯನ್ನು ಊಹಿಸಲು ಯತ್ನಿಸಿ. ಪತ್ತೆಕಾರ್ಯದ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಹದಿನೈದು ದಿನಗಳಲ್ಲಿ ನಿಮ್ಮ ದೇಹವನ್ನೂ ಪರೀಕ್ಷಿಸಿಕೊಳ್ಳಿ. ದಿನಕ್ಕೆ ಆರೇಳು ಗಂಟೆ ಕುಕ್ಕರಗಾಲಿನಲ್ಲಿ ಅಥವಾ ಬಾಗಿ ಕೆಲಸ ಮಾಡುವುದು ಎಲ್ಲರಿಗೂ ಒಗ್ಗುವುದಿಲ್ಲ. ಮತ್ತೊಂದು ಸಂಗತಿಯನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ: ವೈರಿಂಗ್ ಕೆಲಸದಲ್ಲಿ ತಂತಿಗಳನ್ನು ಗುರುತಿಸುವುದು ಬಣ್ಣದಿಂದ, ಆದ್ದರಿಂದ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದ ದೃಷ್ಟಿದೋಷ ಇದೆಯೇ ಎಂದು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಕಲಿಯುವ ದಾರಿಯನ್ನು ಆರಿಸಿ

ನಮ್ಮ ಭಾಗದ ಯುವಜನರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಐಟಿಐ, ಅಲ್ಪಾವಧಿ ತರಬೇತಿ ಮತ್ತು ನೇರವಾಗಿ ಗ್ಯಾರೇಜು.

ಐಟಿಐಗಳಲ್ಲಿ ನಡೆಯುವ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದಲೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಮತ್ತು ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್ ಟ್ರೇಡುಗಳು ಹತ್ತಿರದವು. ಇವುಗಳ ಪಠ್ಯದಲ್ಲಿ ಕಾರು, ಲಾರಿ, ಟ್ರ್ಯಾಕ್ಟರ್ ಇಂಜಿನ್ನುಗಳಿಗೇ ಹೆಚ್ಚು ಜಾಗವಿದ್ದು ಬೈಕಿನ ಪಾಲು ಕಡಿಮೆ ಎಂಬುದು ನಿಜ. ಆದರೂ ನಾನು ಐಟಿಐಯನ್ನೇ ಮೊದಲು ಸೂಚಿಸುತ್ತೇನೆ. ವರ್ನಿಯರ್ ಕ್ಯಾಲಿಪರ್ ಮತ್ತು ಮೈಕ್ರೋಮೀಟರಿನಲ್ಲಿ ಅಳೆಯುವುದು, ಅರ ಹಿಡಿದು ಲೋಹವನ್ನು ಸಮ ಮಾಡುವುದು, ಟ್ಯಾಪ್ ಹಾಕಿ ಹೊಸ ಥ್ರೆಡ್ ತೆಗೆಯುವುದು, ವಿದ್ಯುತ್ ಮಂಡಲದ ನಕ್ಷೆಯನ್ನು ಓದುವುದು, ಇವುಗಳನ್ನು ಕ್ರಮವಾಗಿ ಕೂರಿಸಿ ಕಲಿಸುವ ವ್ಯವಧಾನ ಯಾವ ಗ್ಯಾರೇಜಿಗೂ ಇರುವುದಿಲ್ಲ, ಮತ್ತು ಈ ಬುನಾದಿ ಇಲ್ಲದವರು ಐದಾರು ವರ್ಷಗಳ ನಂತರ ಕೈಚಳಕವಿದ್ದರೂ ಮುಂದಕ್ಕೆ ಹೋಗಲಾರದೆ ನಿಂತುಬಿಡುವುದನ್ನು ನಾನು ಕಂಡಿದ್ದೇನೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದ್ದು, ಅಂಥ ಸಂಸ್ಥೆ ಹತ್ತಿರದಲ್ಲಿದ್ದರೆ ವಿದ್ಯುತ್ ವಾಹನದ ಟ್ರೇಡ್ ಅಲ್ಲಿದೆಯೇ ಎಂದೂ ವಿಚಾರಿಸಬೇಕು.

ಸಂಸ್ಥೆಯನ್ನು ಕಣ್ಣಾರೆ ನೋಡದೆ ಸೇರಬೇಡಿ. ವರ್ಕ್‌ಶಾಪಿಗೆ ಹೋಗಿ, ಚಾಲನೆಯಲ್ಲಿರುವ ಇಂಜಿನ್ನುಗಳು ಎಷ್ಟಿವೆ, ವಿದ್ಯಾರ್ಥಿಗಳೇ ಕೈಯಾರೆ ಬಿಚ್ಚಿ ಜೋಡಿಸುತ್ತಾರೆಯೇ, ಬೋಧಕರು ಮಾಡುವುದನ್ನು ನಿಂತು ನೋಡುತ್ತಾರೆಯೇ, ಫ್ಯೂಯೆಲ್ ಇಂಜೆಕ್ಷನ್ (ಕಾರ್ಬ್ಯುರೇಟರಿನ ಬದಲು ಎಲೆಕ್ಟ್ರಾನಿಕ್ ಘಟಕವೇ ಅಳೆದು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಒಂದು ಬೈಕಾದರೂ ಇದೆಯೇ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ. ಸಂಸ್ಥೆಗೆ ಕೇಂದ್ರ ಸರ್ಕಾರದ ವೃತ್ತಿ ತರಬೇತಿ ಮಾನ್ಯತೆ (ಹಿಂದೆ ಎನ್‌ಸಿವಿಟಿ ಮಾನ್ಯತೆ ಎನ್ನುತ್ತಿದ್ದದ್ದು) ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದೊಡ್ಡ ಶುಲ್ಕ ಪಡೆದು ‘ಕೆಲಸ ಖಾತ್ರಿ’ ಎನ್ನುವ ಖಾಸಗಿ ಪ್ರಮಾಣಪತ್ರಗಳಿಗಿಂತ ಅದಕ್ಕೆ ಬೆಲೆ ಹೆಚ್ಚು. ಮೀಸಲಾತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಮೊದಲೇ ಅರ್ಜಿ ಕೊಟ್ಟಿರಬೇಕು, ಏಕೆಂದರೆ ಫಲಿತಾಂಶದ ನಂತರ ಅಲ್ಲಿ ನೂಕುನುಗ್ಗಲು.

ಎರಡನೆಯದು ಆರ್‌ಸೆಟಿ, ಅಂದರೆ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಇದರ ಮೂಲ ನಮ್ಮ ರಾಜ್ಯದ್ದೇ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯನ್ನು ಆಮೇಲೆ ದೇಶಕ್ಕೆಲ್ಲ ವಿಸ್ತರಿಸಲಾಯಿತು. ದ್ವಿಚಕ್ರ ವಾಹನ ರಿಪೇರಿಯ ತರಬೇತಿ ಸುಮಾರು ಒಂದು ತಿಂಗಳದ್ದು, ಊಟ ವಸತಿ ಸಹಿತ ಉಚಿತ, 18 ವರ್ಷ ದಾಟಿದವರಿಗೆ. ಒಂದು ತಿಂಗಳಲ್ಲಿ ಯಾರೂ ಮೆಕ್ಯಾನಿಕ್ ಆಗುವುದಿಲ್ಲ. ಆದರೆ ಆಗಲೇ ಗ್ಯಾರೇಜಿನಲ್ಲಿ ಒಂದೆರಡು ವರ್ಷ ದುಡಿದು, ಸ್ವಂತ ಅಂಗಡಿ ಇಡುವ ಯೋಚನೆಯಲ್ಲಿರುವವರಿಗೆ ಇದು ಬಹಳ ಉಪಯುಕ್ತ: ಲೆಕ್ಕ ಬರೆಯುವುದನ್ನೂ ಸಾಲದ ಕಾಗದಪತ್ರವನ್ನೂ ಅಲ್ಲಿ ಕಲಿಸುತ್ತಾರೆ, ಮುಗಿಸಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ.

ಮೂರನೆಯದು ನೇರವಾಗಿ ಗ್ಯಾರೇಜಿಗೆ ಸೇರುವುದು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನಲ್ಲಿ ನಿಷಿದ್ಧ, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಗ್ಯಾರೇಜಿಗೆ ಬರುವ ಹುಡುಗರಿಗೆ ನಾನು ಹೇಳುವುದು ಒಂದೇ: ಮರುಪರೀಕ್ಷೆ ಬರೆದು ಮುಗಿಸಿಯೇ ಬಾ. ಇವತ್ತಿನ ಸರ್ವಿಸ್ ಮ್ಯಾನ್ಯುಯಲ್ ಓದಲು, ಷೋರೂಮಿನಲ್ಲಿ ಜಾಬ್ ಕಾರ್ಡ್ ತುಂಬಲು, ಗಾಡಿಯ ದೋಷ ಓದುವ ಸ್ಕ್ಯಾನರ್ ತೋರಿಸುವ ಅಂಕಿಗಳನ್ನು ಅರ್ಥಮಾಡಿಕೊಳ್ಳಲು ಆ ಓದು ಬೇಕೇ ಬೇಕು.

ಐಟಿಐ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಒಂದು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಮಾಡುವ ಅವಕಾಶವನ್ನು ಬಿಡಬಾರದು. ಶಿಷ್ಯವೇತನ ದೊರೆಯುತ್ತದೆ, ಕೊನೆಯಲ್ಲಿ ರಾಷ್ಟ್ರಮಟ್ಟದ ಪ್ರಮಾಣಪತ್ರವೂ ಇದೆ. ಇಲ್ಲಿ ಒಂದು ಕವಲು ಬರುತ್ತದೆ. ನರಸಾಪುರದಲ್ಲಿ 2013ರಿಂದ ಹೊಂಡಾ ದ್ವಿಚಕ್ರ ವಾಹನ ಕಾರ್ಖಾನೆ ಇದೆ, ಮಾಲೂರಿನಿಂದ ಅತ್ತ ಹೊಸೂರಿನಲ್ಲಿ ಟಿವಿಎಸ್ ಇದೆ, ಆದ್ದರಿಂದ ನಮ್ಮ ಮಕ್ಕಳಿಗೆ ಕಾರ್ಖಾನೆಯ ಲೈನಿನ ಕೆಲಸ ಕೈಗೆಟಕುವಂತಿದೆ. ಅದು ಗೌರವದ ದುಡಿಮೆಯೇ. ಆದರೆ ಜೋಡಣಾ ಲೈನಿನಲ್ಲಿ ದಿನವಿಡೀ ಒಂದೇ ಕೆಲಸ, ಅದೂ ಹೊಚ್ಚ ಹೊಸ ಗಾಡಿಯ ಮೇಲೆ. ಕೆಟ್ಟ ಗಾಡಿ ಕಣ್ಣಿಗೆ ಬೀಳುವುದೇ ಇಲ್ಲ. ಮೆಕ್ಯಾನಿಕ್ ಆಗಬೇಕೆಂಬ ಮನಸ್ಸಿದ್ದರೆ ಆ ಒಂದು ವರ್ಷವನ್ನು ಡೀಲರುಗಳ ಸರ್ವಿಸ್ ಕೇಂದ್ರದಲ್ಲಿ ಕಳೆಯಿರಿ, ಮೊದಲ ತಿಂಗಳ ಹಣ ಸ್ವಲ್ಪ ಕಡಿಮೆಯಾದರೂ ಸರಿಯೇ.

ಮೂರನೆಯ ಹೆಜ್ಜೆ: ಮೊದಲ ಆರು ತಿಂಗಳು ತೊಳೆಯುವುದು, ಅಳೆಯುವುದು, ಬಿಗಿಯುವುದು

ಹೊಸಬರಿಗೆ ಎಲ್ಲ ಕಡೆಯೂ ಮೊದಲು ಕೊಡುವುದು ತೊಳೆಯುವ ಕೆಲಸ. ಇದನ್ನು ಅವಮಾನವೆಂದು ತಿಳಿಯಬೇಡಿ. ಗಾಡಿ ತೊಳೆಯುವಾಗ ಇಂಜಿನ್ನಿನ ಯಾವ ಮೂಲೆಯಲ್ಲಿ ಆಯಿಲ್ ಒಸರಿದೆ, ಯಾವ ಬೋಲ್ಟ್ ಇಲ್ಲ, ಯಾವ ಕೇಬಲ್ಲಿನ ಎಳೆ ಹರಿದಿದೆ ಎಂಬುದನ್ನು ನೋಡಿ ಮೇಸ್ತ್ರಿಗೆ ಹೇಳಿದರೆ, ಮುಂದಿನ ವಾರವೇ ನಿಮ್ಮ ಕೈಗೆ ಸ್ಪ್ಯಾನರ್ ಬರುತ್ತದೆ. ಸೈಲೆನ್ಸರಿನ ಬಾಯಿ, ಸ್ವಿಚ್ಚುಗಳು ಮತ್ತು ವೈರಿಂಗ್ ಕಪ್ಲರುಗಳ ಮೇಲೆ ರಭಸದ ನೀರು ಹೊಡೆಯಬಾರದೆಂಬುದನ್ನು ಅಲ್ಲೇ ಕಲಿಯಬೇಕು.

ನಂತರ ಬರುವುದು ನಿಯತ ಸರ್ವಿಸ್. ಇದರ ಪ್ರತಿಯೊಂದು ಅಂಶಕ್ಕೂ ಒಂದು ಅಳತೆ ಇದೆ, ಆ ಅಳತೆಯನ್ನು ಅಂದಾಜಿನಿಂದ ಬಿಡಿಸಿ ಉಪಕರಣಕ್ಕೆ ಒಪ್ಪಿಸುವುದೇ ಈ ಆರು ತಿಂಗಳ ಸಾಧನೆ. ಪ್ಲಗ್ಗಿನ ತುದಿಯ ಅಂತರ ಬಹುಪಾಲು ಗಾಡಿಗಳಲ್ಲಿ 0.6ರಿಂದ 0.9 ಮಿಲಿಮೀಟರಿನ ಒಳಗಿರುತ್ತದೆ, ಅದನ್ನು ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳು) ನೋಡಬೇಕು. ಚೈನು ಸಾಮಾನ್ಯ ಬೈಕುಗಳಲ್ಲಿ ಮಧ್ಯಭಾಗದಲ್ಲಿ 20ರಿಂದ 30 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು. ಚಕ್ರವನ್ನು ನಿಧಾನವಾಗಿ ತಿರುಗಿಸಿ ಚೈನು ಅತ್ಯಂತ ಬಿಗಿಯಾಗುವ ಜಾಗದಲ್ಲೇ ಅಳೆಯಬೇಕು. ಬಿಗಿ ಹೆಚ್ಚಾದರೆ ಕ್ರೇಟು ಹೇರಿದಾಗ ಚೈನು ತಂತಿಯಂತೆ ಎಳೆದು ಬೇರಿಂಗನ್ನು ತಿನ್ನುತ್ತದೆ. ಚೈನು ಬದಲಾಯಿಸುವಾಗ ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಾಯಿಸಬೇಕು, ಏಕೆಂದರೆ ಸವೆದ ಹಲ್ಲು ಹೊಸ ಚೈನನ್ನು ಬೇಗ ಹಾಳುಮಾಡುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಇಂಜಿನ್ ಸ್ವಲ್ಪ ವೇಗದಲ್ಲಿ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಈ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡವನು ಸುಮ್ಮನೆ ಹೊಸ ಬ್ಯಾಟರಿ ಮಾರುವುದಿಲ್ಲ; ಚಾರ್ಜ್ ಆಗದಿರುವ ತಪ್ಪು ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಬದಲಿಸುವ ರೆಕ್ಟಿಫೈಯರಿನದೋ ಕರೆಂಟು ಹುಟ್ಟಿಸುವ ಕಾಯಿಲಿನದೋ ಎಂದು ಮೊದಲು ನೋಡುತ್ತಾನೆ.

ಆಯಿಲ್ ವಿಷಯದಲ್ಲಿ ಒಂದು ತಪ್ಪು ನಮ್ಮ ಕಡೆ ಬಹಳ ನಡೆಯುತ್ತದೆ. ಗೇರಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿಗಾಗಿ ಮಾಡಿದ ಹಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕಗಳಿದ್ದು, ಅವುಗಳನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ಡಬ್ಬಿಯ ಮೇಲೆ ಜಪಾನಿನ ಮಾನದಂಡದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದು ಇರುವ ಆಯಿಲು ಗೇರಿನ ಬೈಕಿಗೆ, ಎಂಬಿ ಎಂದು ಇರುವುದು ಗೇರಿಲ್ಲದ ಸ್ಕೂಟರಿಗೆ. ದಪ್ಪ ಎಷ್ಟಿರಬೇಕು, ಪ್ರಮಾಣ ಎಷ್ಟು ಎಂಬುದನ್ನು ಆಯಾ ಗಾಡಿಯ ಪುಸ್ತಕ ನೋಡಿಯೇ ಹಾಕಬೇಕು.

ಬಿಗಿಯುವುದೂ ಒಂದು ವಿದ್ಯೆ. ಇಂಜಿನ್ನಿನ ಹೊರಕವಚ ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು. ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ ಮೈಬಲ ಹಾಕಿ ಎಳೆದರೆ ಕವಚದ ಥ್ರೆಡ್ಡೇ ಕಿತ್ತುಬರುತ್ತದೆ. ಆಯಿಲ್ ಇಳಿಸುವ ಬೋಲ್ಟಿಗೆ ಬಹುಪಾಲು ಸಣ್ಣ ಗಾಡಿಗಳಲ್ಲಿ 20ರಿಂದ 30 ನ್ಯೂಟನ್ ಮೀಟರ್ ಸಾಕು. ಮೊದಲ ಕೆಲವು ತಿಂಗಳು ಗ್ಯಾರೇಜಿನ ಟಾರ್ಕ್ ರೆಂಚ್ (ಬಿಗಿತವನ್ನು ಅಳೆಯುವ ಸ್ಪ್ಯಾನರ್) ಹಿಡಿದೇ ಬಿಗಿದು, ಆ ಬಿಗಿತ ಕೈಗೆ ಹೇಗೆ ತಿಳಿಯುತ್ತದೆ ಎಂಬುದನ್ನು ನೆನಪಿಗೆ ಇಳಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪತ್ತೆಯ ಕ್ರಮ

ಈಗ ಮುಖ್ಯ ಭಾಗಕ್ಕೆ ಬರೋಣ. ಗಾಡಿ ತಂದವರನ್ನು ಐದು ನಿಮಿಷ ಕೂರಿಸಿ ಮಾತನಾಡಿಸದೆ ಸ್ಪ್ಯಾನರ್ ಮುಟ್ಟಬಾರದು. ತೊಂದರೆ ಯಾವಾಗಿನಿಂದ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಭಾರ ಇದ್ದಾಗಲೋ ಇಲ್ಲದಾಗಲೋ, ಮಳೆಯ ನಂತರವೋ, ಅದಕ್ಕೆ ಸ್ವಲ್ಪ ಮೊದಲು ಯಾರಾದರೂ ಏನಾದರೂ ಬಿಚ್ಚಿದ್ದರೇ, ಗಾಡಿ ಬಿದ್ದಿತ್ತೇ ಎಂದು ಕೇಳಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಧದಷ್ಟು ಮಾತು ತೆಲುಗಿನಲ್ಲಿ, ಕೆಜಿಎಫ್ ಕಡೆ ತಮಿಳಿನಲ್ಲಿ ಬರುತ್ತದೆ. ಗಿರಾಕಿ ತಮ್ಮ ಮನೆಮಾತಿನಲ್ಲಿ ಹೇಳಿದಾಗಲೇ ತೊಂದರೆಯ ಸೂಕ್ಷ್ಮ ಹೊರಬೀಳುವುದರಿಂದ ಈ ಭಾಷೆಗಳು ಅರ್ಥವಾಗುವುದು ಕೆಲಸಕ್ಕೆ ದೊಡ್ಡ ಸಹಾಯ. ಆಮೇಲೆ ಸಾಧ್ಯವಾದರೆ ನೀವೇ ಓಡಿಸಿ ಆ ತೊಂದರೆಯನ್ನು ಕಣ್ಣಾರೆ ಕಾಣಬೇಕು. ಅದಕ್ಕಾಗಿ ಹದಿನೆಂಟು ತುಂಬಿದ ಕೂಡಲೇ ಗೇರ್ ಸಹಿತ ಬೈಕಿನ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಪರವಾನಗಿ ಇಲ್ಲದವರು ಗಿರಾಕಿಯ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು, ಪರವಾನಗಿ ಇದ್ದವರೂ ಹೆಲ್ಮೆಟ್ ಇಲ್ಲದೆ ಇಳಿಸಬಾರದು.

ಸ್ಟಾರ್ಟ್ ಆಗದ ಗಾಡಿಯನ್ನು ಒಂದು ಕ್ರಮದಲ್ಲಿ ನೋಡಬೇಕು. ಪೆಟ್ರೋಲ್ ಇದೆಯೇ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಸರಿಯಾದ ಕಡೆ ಇದೆಯೇ, ಸೈಡ್ ಸ್ಟ್ಯಾಂಡಿನ ಸ್ವಿಚ್ ತಡೆಯುತ್ತಿದೆಯೇ ಎಂಬುದರಿಂದ ಆರಂಭಿಸಿ. ಇದರಲ್ಲಿ ನಾಚಿಕೆ ಬೇಡ, ಎಷ್ಟೋ ಗಾಡಿಗಳು ಇಲ್ಲೇ ಸರಿಯಾಗುತ್ತವೆ. ನಂತರ ಕಿಡಿ. ಪ್ಲಗ್ಗನ್ನು ಬಿಚ್ಚಿ ಕ್ಯಾಪಿಗೆ ಹಾಕಿ, ಅದರ ಲೋಹದ ಭಾಗವನ್ನು ಇಂಜಿನ್ನಿಗೆ ಚೆನ್ನಾಗಿ ತಾಗಿಸಿ ಹಿಡಿದು, ಪೆಟ್ರೋಲಿನಿಂದ ದೂರದಲ್ಲಿಟ್ಟು ನೋಡಬೇಕು; ಪ್ಲಗ್ಗನ್ನು ತಾಗಿಸದೆ ಸುಮ್ಮನೆ ತಿರುಗಿಸಿದರೆ ಇಗ್ನಿಷನ್ ಘಟಕವೇ ಕೆಡಬಹುದು. ಬಿಚ್ಚಿದ ಪ್ಲಗ್ಗಿನ ಮುಖವನ್ನು ಓದುವುದನ್ನು ಕಲಿಯಿರಿ: ತಿಳಿ ಕಂದು ಬಣ್ಣವಿದ್ದರೆ ಉರಿಯುವಿಕೆ ಸರಿಯಿದೆ, ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ, ಜಿಡ್ಡಿನ ಕಪ್ಪಾದರೆ ಆಯಿಲ್ ಮೇಲಕ್ಕೆ ಬರುತ್ತಿದೆ.

ಕಿಡಿ ಸರಿಯಿದ್ದರೆ ಪೆಟ್ರೋಲ್ ಇಂಜಿನ್ನಿನವರೆಗೆ ಬರುತ್ತಿದೆಯೇ ಎಂದು ನೋಡಬೇಕು. ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಕೆಳಗಿನ ಡ್ರೈನ್ ತಿರುಪನ್ನು ಸಡಿಲಿಸಿ ಒಂದು ಬಾಟಲಿಗೆ ಇಳಿಸಿಕೊಂಡರೆ, ಬರುತ್ತಿದೆಯೇ ಎಂಬುದರ ಜೊತೆಗೆ ನೀರು ಸೇರಿದೆಯೇ ಎಂಬುದೂ ತಿಳಿಯುತ್ತದೆ. ಮೂರನೆಯದು ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಏರುವ ಒತ್ತಡ. ಗೇಜಿನಲ್ಲಿ ಕಡಿಮೆ ಬಂದರೆ ಪ್ಲಗ್ಗಿನ ರಂಧ್ರದಲ್ಲಿ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯಿರಿ: ಒತ್ತಡ ಏರಿದರೆ ತಪ್ಪು ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಮತ್ತು ಪಿಸ್ಟನ್ ರಿಂಗುಗಳದ್ದು, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ಎರಡು ಹನಿ ಆಯಿಲ್ ನೀಡುವ ಈ ಉತ್ತರ ಇಡೀ ಇಂಜಿನ್ ಬಿಚ್ಚುವ ಒಂದು ದಿನದ ಕೆಲಸವನ್ನು ಉಳಿಸುತ್ತದೆ. ಬೋರು ಹೋಗಿರುವುದು ಖಚಿತವಾದರೆ ಸವೆತವನ್ನು ಅಳೆದು, ಲೇತ್ ಅಂಗಡಿಯಲ್ಲಿ ಮುಂದಿನ ಅಳತೆಗೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು. ಹಳೆಯ ಗಾಡಿಗಳಿಗೆ 0.25 ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಪಿಸ್ಟನ್ನುಗಳು ಸಿಗುತ್ತವೆ, ಹಲವು ಹೊಸ ಗಾಡಿಗಳಲ್ಲಿ ಬೋರು ಪಿಸ್ಟನ್ ಸೆಟ್ಟನ್ನೇ ಬದಲಾಯಿಸಬೇಕಾಗುತ್ತದೆ.

“ಪಿಕಪ್ ಇಲ್ಲ, ಎಳೀತಿಲ್ಲ” ಎಂಬುದು ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ದೂರು. ಇಂಥ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಹಿಂಚಕ್ರವನ್ನು ಕೈಯಿಂದ ತಿರುಗಿಸುವುದೇ ಮೊದಲ ಪರೀಕ್ಷೆ, ಏಕೆಂದರೆ ಬ್ರೇಕ್ ಹಿಡಿದುಕೊಂಡ ಗಾಡಿಯೂ ಎಳೆಯುವುದಿಲ್ಲ. ಆಮೇಲೆ ಟೈರಿನ ಗಾಳಿ, ಚೈನು, ಕ್ಲಚ್ ಜಾರಿಕೆ, ಏರ್ ಫಿಲ್ಟರು, ಸೈಲೆನ್ಸರಿನಲ್ಲಿ ಕಟ್ಟಿದ ಮಸಿ, ವಾಲ್ವಿನ ಟ್ಯಾಪೆಟ್ ಅಂತರ. ಇಂಜಿನ್ ಬಿಚ್ಚುವ ಮಾತು ಇಷ್ಟರ ನಂತರ ಬರಲಿ.

ಪ್ರತಿ ಗಾಡಿಯ ಬಗ್ಗೆ ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ದೂರು ಏನು, ನೀವು ಊಹಿಸಿದ್ದೇನು, ಪರೀಕ್ಷೆಯಲ್ಲಿ ಕಂಡದ್ದೇನು, ಕೊನೆಗೆ ನಿಜವಾದ ಕಾರಣ ಏನು. ಊಹೆ ತಪ್ಪಾದದ್ದನ್ನೂ ಅಳಿಸದೆ ಉಳಿಸಿಕೊಳ್ಳಿ. ನನ್ನ ಗ್ಯಾರೇಜಿನಲ್ಲಿ ಕಲಿತ ಹುಡುಗರಲ್ಲಿ ಪುಸ್ತಕ ಬರೆದವರು ಬರೆಯದವರಿಗಿಂತ ಬಹಳ ಬೇಗ ಸ್ವತಂತ್ರರಾದರು.

ಐದನೆಯ ಹೆಜ್ಜೆ: ಹೊಸ ಗಾಡಿಗಳ ಪರಿಚಯ

2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಜಾಗವನ್ನು ಬಹುಮಟ್ಟಿಗೆ ಫ್ಯೂಯೆಲ್ ಇಂಜೆಕ್ಷನ್ ಹಿಡಿದಿದೆ. 2019ರಲ್ಲಿ 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಉಳಿದವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯವಾಯಿತು. ಹಳೆಯ ಮೇಸ್ತ್ರಿಗಳು ಈ ಗಾಡಿಗಳಿಗೆ ಕೈ ಹಚ್ಚಲು ಹಿಂಜರಿಯುತ್ತಾರೆ, ಹೊಸಬರಿಗೆ ಅವಕಾಶ ಇರುವುದು ಇಲ್ಲೇ. ಇಂಜೆಕ್ಷನ್ ಗಾಡಿಯಲ್ಲಿ ಮೀಟರಿನ ಮೇಲಿನ ಇಂಜಿನ್ ದೀಪ ಹೊತ್ತಿಕೊಂಡೇ ಇದ್ದರೆ ನಿಯಂತ್ರಣ ಘಟಕವು ಒಂದು ದೋಷವನ್ನು ದಾಖಲಿಸಿದೆ ಎಂದರ್ಥ. ಕೆಲವು ಗಾಡಿಗಳಲ್ಲಿ ಆ ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿಯೇ ದೋಷದ ಸಂಖ್ಯೆಯನ್ನು ತಿಳಿಯಬಹುದು, ಉಳಿದವುಗಳಿಗೆ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಒಂದು ಸೆನ್ಸರಿನ ಹೆಸರು ತೋರಿಸಿದ ಮಾತ್ರಕ್ಕೆ ಆ ಸೆನ್ಸರನ್ನು ಬದಲಾಯಿಸಬೇಡಿ. ಅದರ ತಂತಿ ಇಲಿ ಕಡಿದಿರಬಹುದು, ಕಪ್ಲರಿನಲ್ಲಿ ನೀರು ನಿಂತಿರಬಹುದು. ತಂತಿ ಮತ್ತು ಕಪ್ಲರನ್ನು ಮಲ್ಟಿಮೀಟರಿನಿಂದ ನೋಡಿದ ಮೇಲಷ್ಟೇ ಸೆನ್ಸರಿನ ಸರದಿ.

ಗಾಡಿ ಬಿದ್ದ ನಂತರ ಸ್ಟಾರ್ಟ್ ಆಗದಿದ್ದರೆ, ವಾಲಿದ್ದನ್ನು ಗುರುತಿಸುವ ಸೆನ್ಸರು ಇಂಜಿನ್ನನ್ನು ತಡೆದಿರಬಹುದು. ನೇರವಾಗಿ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸಾಕಾಗುವುದುಂಟು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಲ್ಲಿ ಮುಳುಗಿಯೇ ತಂಪಾಗಿರುವುದರಿಂದ, ಯಾವಾಗಲೂ ರಿಸರ್ವಿನಲ್ಲೇ ಓಡಿಸುವ ಗಿರಾಕಿಗಳಿಗೆ ಆ ಅಭ್ಯಾಸ ಬಿಡಲು ಹೇಳಬೇಕು. ಇಂಜೆಕ್ಷನ್ ಗಾಡಿಯ ಚಾಸಿಗೆ ಅಥವಾ ಕ್ಯಾರಿಯರಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಲೇಬೇಕು. ಹಾಲಿನ ಕ್ಯಾನಿಗೆ ಕಬ್ಬಿಣದ ಸ್ಟ್ಯಾಂಡ್ ಬೆಸೆಸುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎಲೆಕ್ಟ್ರಿಕ್ ಸ್ಕೂಟರುಗಳ ಬ್ಯಾಟರಿ ಸಾಮಾನ್ಯವಾಗಿ 48ರಿಂದ 72 ವೋಲ್ಟಿನದು. ಸ್ಪ್ಯಾನರ್ ಅಥವಾ ಉಂಗುರ ಎರಡೂ ತುದಿಗಳಿಗೆ ತಾಗಿದರೆ ಕ್ಷಣದಲ್ಲಿ ಲೋಹ ಕೆಂಪಾಗುವಷ್ಟು ವಿದ್ಯುತ್ ಹರಿಯುತ್ತದೆ. ತರಬೇತಿ ಇಲ್ಲದೆ ಆ ಬ್ಯಾಟರಿ ಪೆಟ್ಟಿಗೆಯನ್ನು ತೆರೆಯಬೇಡಿ. ಬ್ರೇಕು, ಟೈರು, ಬೇರಿಂಗು, ಹ್ಯಾಂಡಲ್ ತಿರುಗುವ ಕೋನ್ ಸೆಟ್ಟಿನ ಕೆಲಸವನ್ನು ಧಾರಾಳವಾಗಿ ಮಾಡಬಹುದು.

ಆರನೆಯ ಹೆಜ್ಜೆ: ಉಪಕರಣ ಮತ್ತು ದೇಹದ ಕಾಳಜಿ

ಮೊದಲ ಸಂಬಳದಲ್ಲೇ ದೊಡ್ಡ ಪೆಟ್ಟಿಗೆ ಕೊಳ್ಳಬೇಡಿ. 8, 10, 12, 14 ಮತ್ತು 17ರ ರಿಂಗ್ ಸ್ಪ್ಯಾನರುಗಳು, 8, 10, 12ರ ಟಿ ಸ್ಪ್ಯಾನರುಗಳು, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಒಂದು ಸಾಧಾರಣ ಮಲ್ಟಿಮೀಟರ್, ಎರಡು ಒಳ್ಳೆಯ ಸ್ಕ್ರೂಡ್ರೈವರುಗಳು ಇದ್ದರೆ ವರ್ಷ ಕಳೆಯುತ್ತದೆ. ಜಪಾನ್ ಮೂಲದ ವಿನ್ಯಾಸದ ಬೈಕುಗಳಲ್ಲಿ ಬಳಸುವ ಕೂಡು ಗುರುತಿನ (+) ತಲೆಯ ತಿರುಪುಗಳ ಆಕಾರ ಸಾಮಾನ್ಯ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ, ಬಲ ಹಾಕಿದಾಗ ಜಾರಿ ತಿರುಪಿನ ತಲೆ ಬೋಳಾಗುತ್ತದೆ. ಜಪಾನಿನ ಮಾನದಂಡವಾದ ಜೆಐಎಸ್ ಗುರುತಿನ ಸ್ಕ್ರೂಡ್ರೈವರನ್ನೇ ಕೇಳಿ ಕೊಳ್ಳಿ. ಪುಲ್ಲರುಗಳು, ಟಾರ್ಕ್ ರೆಂಚು, ಸ್ಕ್ಯಾನರು ಆಮೇಲೆ ಒಂದೊಂದಾಗಿ ಸೇರಲಿ.

ಪೆಟ್ರೋಲಿನಲ್ಲಿ ಕೈ ತೊಳೆಯುವುದನ್ನು ದಯವಿಟ್ಟು ಕಲಿಯಬೇಡಿ. ಅದರಲ್ಲಿರುವ ಬೆಂಜೀನ್ ಚರ್ಮದ ಮೂಲಕವೂ ಒಳಸೇರುತ್ತದೆ, ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕೈಗವಸು ಹಾಕಿ, ಸಾಬೂನು ಬಳಸಿ. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಗಿಲು ಮುಚ್ಚಿದ ಅಂಗಡಿಯೊಳಗೆ ಇಂಜಿನ್ ಓಡಿಸಬಾರದು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಏಳನೆಯ ಹೆಜ್ಜೆ: ಮೊದಲ ಕೆಲಸ, ಮತ್ತು ಮುಂದೊಂದು ದಿನ ಸ್ವಂತ ಅಂಗಡಿ

ಕೆಲಸ ಕೇಳಲು ಹೋಗುವಾಗ ಪ್ರಮಾಣಪತ್ರದ ಜೊತೆಗೆ ನಿಮ್ಮ ಆ ನೋಟ್ ಪುಸ್ತಕವನ್ನೂ ಒಯ್ಯಿರಿ. ಎರಡು ವರ್ಷ ಡೀಲರ್ ಸರ್ವಿಸ್ ಕೇಂದ್ರದಲ್ಲಿ, ನಂತರ ಒಂದೆರಡು ವರ್ಷ ಎಲ್ಲ ಕಂಪನಿಯ ಗಾಡಿಗಳೂ ಬರುವ ಸ್ವತಂತ್ರ ಗ್ಯಾರೇಜಿನಲ್ಲಿ ದುಡಿಯುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಜೋಡಿ; ಮೊದಲನೆಯದು ಶಿಸ್ತನ್ನೂ ಮ್ಯಾನ್ಯುಯಲ್ ನೋಡುವ ರೂಢಿಯನ್ನೂ ಕೊಡುತ್ತದೆ, ಎರಡನೆಯದು ಹಳೆಯ ಗಾಡಿಯನ್ನು ಕಡಿಮೆ ಖರ್ಚಿನಲ್ಲಿ ಉಳಿಸುವ ಜಾಣ್ಮೆಯನ್ನು. ಎಲ್ಲೇ ಇದ್ದರೂ ಕೆಲಸ ಆರಂಭಿಸುವ ಮೊದಲು ಅಂದಾಜು ಖರ್ಚು ಹೇಳುವುದು, ಬದಲಾಯಿಸಿದ ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಡುವುದು ರೂಢಿಯಾಗಲಿ.

ಸ್ವಂತ ಅಂಗಡಿಗೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲಕ್ಕೆ ಅರ್ಜಿ ಹಾಕಬಹುದು. ಕೇಂದ್ರದ್ದೇ ಆದ ಸ್ವಉದ್ಯೋಗದ ಪಿಎಂಇಜಿಪಿ ಯೋಜನೆಯಲ್ಲಿ ಸಬ್ಸಿಡಿಯೂ ಇದೆ, ಅಲ್ಲಿ ಆರ್‌ಸೆಟಿಯ ತರಬೇತಿ ನೆರವಾಗುತ್ತದೆ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಉಚಿತ; ಅದಕ್ಕೆ ದಲ್ಲಾಳಿಗೆ ಹಣ ಕೊಡಬೇಡಿ. ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ವ್ಯಾಪಾರ ಪರವಾನಗಿಯನ್ನು ಅಂಗಡಿಯ ಬೋರ್ಡು ಬರೆಸುವ ಮೊದಲೇ ಪಡೆಯಿರಿ.

ಜಾಗ ನೋಡುವಾಗ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ನಮ್ಮದು ವರ್ಷವಿಡೀ ಹರಿಯುವ ನದಿ ಇಲ್ಲದೆ ಕೆರೆಗಳನ್ನೇ ನಂಬಿದ ಜಿಲ್ಲೆ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಕೆರೆಗಳಿಗೆ ಬರುತ್ತಿದ್ದು, ಅದು ಇಂಗಿ ನಮ್ಮ ಕೊಳವೆಬಾವಿಗಳನ್ನು ಸೇರುತ್ತದೆ. ದಿನಕ್ಕೆ ಆರು ಗಾಡಿಗಳ ಆಯಿಲ್ ಬದಲಾಯಿಸುವ ಅಂಗಡಿಯಲ್ಲಿ ಐದಾರು ಲೀಟರ್ ಹಳೆಯ ಆಯಿಲ್ ಉಳಿಯುತ್ತದೆ. ಅದನ್ನು ಚರಂಡಿಗೂ ಮಣ್ಣಿಗೂ ಚೆಲ್ಲದೆ, ಮುಚ್ಚಳ ಇರುವ ಒಂದು ಡ್ರಮ್ಮಿನಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೆ ಕೊಡಬೇಕು. ಆ ಡ್ರಮ್ಮನ್ನು ಅಂಗಡಿಯ ಮೊದಲ ದಿನವೇ ತಂದಿಡಿ, ಮೇಲೆ ತಗಡಿನ ನೆರಳು ಇರಲಿ, ಮಳೆನೀರು ಒಳಗೆ ಬೀಳದಿರಲಿ.